ನೆಲ ಒಣಗಿತ್ತು, ರೇಡಿಯೇಟರ್ ಖಾಲಿ

ಚಾರ್ಮಾಡಿ ಘಾಟಿ ಹತ್ತುತ್ತಿದ್ದೆವು. ಅರ್ಧ ದಾರಿಯೂ ಆಗಿರಲಿಲ್ಲ, ನನ್ನ ಮಾರುತಿ 800ರ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. 1998ರ ಗಾಡಿ. ಪಕ್ಕಕ್ಕೆ ಹಾಕಿ ಬಾನೆಟ್ ಎತ್ತಿದೆ. ಭಾವ ಕೈಗೆ ಟವೆಲ್ ಸುತ್ತಿಕೊಂಡು, ಇಂಜಿನ್ನಿನ ನೀರು ತಂಪು ಮಾಡುವ ರೇಡಿಯೇಟರಿನ ಕ್ಯಾಪ್ ತಿರುಗಿಸಲು ಹೊರಟರು. "ಭಾವ, ಮುಟ್ಟಬೇಡಿ!" ಎಂದು ಕಿರುಚಿದೆ. ಅವರಿಗೆ ಸ್ವಲ್ಪ ಬೇಜಾರಾಯಿತು. ಏನು ಮಾಡಲಿ, ಒಳಗಿನ ನೀರು ಒತ್ತಡದಲ್ಲಿ ಇರುತ್ತದೆ, ನೂರು ಡಿಗ್ರಿ ದಾಟಿದರೂ ಕುದಿಯದೆ ಸುಮ್ನೆ ಕೂತಿರುತ್ತದೆ. ಕ್ಯಾಪ್ ಸಡಿಲಾದರೆ ಸಾಕು, ಕುದಿದು ಮುಖಕ್ಕೇ ಹಾರುತ್ತದೆ.

ಮುಕ್ಕಾಲು ಗಂಟೆ ಕಾದು ತೆಗೆದೆ. ಒಂದು ಲೀಟರ್ ಬಾಟಲಿ ಪೂರ್ತಿ ಕುಡಿದು ಇನ್ನೂ ಬೇಕು ಅಂದಿತು. ನಿಂತು ನಿಂತು ಹೇಗೋ ಕೊಟ್ಟಿಗೆಹಾರ ಮುಟ್ಟಿ ನೀರ್ದೋಸೆ ತಿಂದೆವು.

ಊರಿಗೆ ಬಂದು ಗ್ಯಾರೇಜಿಗೆ ತೋರಿಸಿದೆ. ಗಾಡಿಯ ಕೆಳಗೆ ಒಂದು ಹನಿಯೂ ಬಿದ್ದಿರಲಿಲ್ಲ. "ಸೋರಿಕೆ ಇಲ್ಲ ಅಂದ್ರೆ ಹೆಡ್ ಗ್ಯಾಸ್ಕೆಟ್ಟೇ ಸಾರ್, ಇಂಜಿನ್ ಬಿಚ್ಬೇಕು" ಎಂದರು. ಹೆಡ್ ಗ್ಯಾಸ್ಕೆಟ್ ಅಂದರೆ ಇಂಜಿನ್ನಿನ ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ನಡುವೆ ಇರುವ ತೆಳು ಹಾಳೆ, ನೀರು, ಆಯಿಲ್, ಗ್ಯಾಸ್ ಒಂದಕ್ಕೊಂದು ಸೇರದಂತೆ ತಡೆಯುತ್ತದೆ. ನನಗೆ ಯಾಕೋ ಮನಸ್ಸು ಒಪ್ಪಲಿಲ್ಲ. ಬಿಚ್ಚುವ ಮುಂಚೆ ಬಿಚ್ಚದೆ ನೋಡುವುದು ಎಷ್ಟೋ ಇದೆ, ಅಲ್ವಾ?

ಮರುದಿನ ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗ ಆಯಿಲ್ ಕ್ಯಾಪ್ ತೆಗೆದೆ. ಗ್ಯಾಸ್ಕೆಟ್ ಹೋಗಿ ಆಯಿಲ್‌ಗೆ ನೀರು ಸೇರಿದರೆ ಅಲ್ಲಿ ಹಾಲು ಹಾಕಿದ ಕಾಫಿಯಂಥ ನೊರೆ ಕಾಣುತ್ತದೆ. ಇರಲಿಲ್ಲ. ಆಮೇಲೆ ರೇಡಿಯೇಟರ್ ಕ್ಯಾಪ್ ತೆಗೆದಿಟ್ಟು ಸ್ಟಾರ್ಟ್ ಮಾಡಿದೆ. ಸಿಲಿಂಡರಿನ ಗ್ಯಾಸ್ ನೀರಿಗೆ ನುಗ್ಗುತ್ತಿದ್ದರೆ ಗುಳ್ಳೆ ಬಿಡದೆ ಬರುತ್ತಲೇ ಇರಬೇಕು. ಶುರುವಿನಲ್ಲಿ ನಾಲ್ಕಾರು ಗುಳ್ಳೆ ಬಂದು ನಿಂತವು, ಅದು ಸಿಕ್ಕಿಕೊಂಡಿದ್ದ ಗಾಳಿ. ನೀರು ಸಿಲಿಂಡರಿಗೆ ಸೇರಿದರೆ ಬರುವ ಬಿಳಿ ಹೊಗೆಯೂ ಇಂಜಿನ್ ಬಿಸಿಯಾದ ಮೇಲೆ ಸೈಲೆನ್ಸರಿನಲ್ಲಿ ಇಲ್ಲ. ಇಷ್ಟರಿಂದಲೇ ಗ್ಯಾಸ್ಕೆಟ್ ಸರಿ ಇದೆ ಎಂದು ಆಣೆ ಹಾಕಲಾಗದು, ಆದರೆ ಇಂಜಿನ್ ಬಿಚ್ಚುವ ಅವಸರವಂತೂ ಇಲ್ಲ ಎಂದುಕೊಂಡೆ.

ರೇಡಿಯೇಟರ್ ಫ್ಯಾನ್ ನೋಡಿದೆ. ಕ್ಯಾಪ್ ಹಾಕಿ ಗಾಡಿ ನಿಂತಲ್ಲೇ ಓಡಲು ಬಿಟ್ಟಾಗ ಮುಳ್ಳು ಅರ್ಧ ದಾಟುತ್ತಲೇ ತಾನಾಗಿ ತಿರುಗಿತು. ತಣ್ಣಗಾದ ಮೇಲೆ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದಾಗ ಬಾಯಿ ತೆರೆದು ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಬಿಚ್ಚಿ ದಾರ ಕಟ್ಟಿ, ಒಲೆಯ ಮೇಲಿನ ಪಾತ್ರೆಯಲ್ಲಿ ಇಳಿಬಿಟ್ಟೆ. ನೀರು ಕುದಿಯುವ ಮುಂಚೆಯೇ ಬಾಯಿ ತೆರೆಯಿತು. ಅದೂ ಸರಿ. (ಹಾಲಿನ ಪಾತ್ರೆ ಬಳಸಿದ್ದು ಮನೆಯಲ್ಲಿ ಇನ್ನೂ ಮಾತಿಗೆ ಬರುತ್ತದೆ.) ಥರ್ಮೋಸ್ಟಾಟ್ ಕಿತ್ತು ಬಿಸಾಕಿದರೆ ಗಾಡಿ ತಂಪಾಗಿರುತ್ತದೆ ಎನ್ನುವವರು ಬೇಕಾದಷ್ಟು ಜನ. ನಾನು ಹಾಗೆ ಮಾಡಲಿಲ್ಲ. ಅದಿಲ್ಲದಿದ್ದರೆ ಇಂಜಿನ್ ಬೇಗ ಬಿಸಿಯಾಗದು, ಪೆಟ್ರೋಲೂ ಜಾಸ್ತಿ ಕುಡಿಯುತ್ತದೆ.

ಹಾಗಾದರೆ ನೀರು ಹೋಗಿದ್ದೆಲ್ಲಿ? ಒಂದು ವಾರ ತಲೆ ಕೆರೆದುಕೊಂಡೆ. ತಪ್ಪು ನನ್ನದೇ ಆಗಿತ್ತು. ವರ್ಷಗಟ್ಟಲೆ ಬೋರ್‌ವೆಲ್ ನೀರು ತುಂಬುತ್ತಿದ್ದೆ. ಬರೀ ನೀರು ಬಿಸಿ ಇಂಜಿನ್ ಮೇಲೆ ಸೋರಿದರೆ ಅಲ್ಲೇ ಆವಿ. ನೆಲಕ್ಕೆ ಬೀಳುವುದು ಕಮ್ಮಿ, ಎದ್ದು ಕಾಣುವ ಬಣ್ಣವೂ ಉಳಿಯುವುದಿಲ್ಲ. ಇಂಜಿನ್ ತಂಪಿಡಲು ನೀರಿಗೆ ಬೆರೆಸುವ ಬಣ್ಣದ ದ್ರವ ಕೂಲಂಟ್ ಹಾಗಲ್ಲ. ಒಣಗಿದರೂ ಬಣ್ಣದ ಹಕ್ಕಳೆ ಬಿಟ್ಟು ಹೋಗುತ್ತದೆ.

ಹಳೆ ನೀರು ಇಳಿಸಿದೆ. ತುಕ್ಕು ಬಣ್ಣದ್ದು ಬಂತು. ತಿಳಿಯಾಗುವ ತನಕ ತೊಳೆದು, ಹಸಿರು ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಸಮ ಹಾಕಿ, ಗಾಳಿ ಪೂರ್ತಿ ಹೊರಬರುವ ತನಕ ಕ್ಯಾಪ್ ತೆಗೆದೇ ನಿಂತಲ್ಲೇ ಇಂಜಿನ್ ಓಡಿಸಿದೆ. ಹತ್ತು ದಿನ ಎಂದಿನಂತೆ ಗಾಡಿ ಬಳಸಿ, ಟಾರ್ಚ್ ಹಿಡಿದು ಬೆಲ್ಟಿನ ಕಡೆ ಬಗ್ಗಿ ನೋಡಿದೆ. ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಿಂದ ಹಸಿರು ಗೆರೆ ಇಳಿದಿತ್ತು! ಪಂಪಿನ ಸೀಲ್ ಹೋದಾಗ ನೀರು ಬೇರಿಂಗಿಗೆ ನುಗ್ಗದೆ ಹೊರಬರಲಿ ಎಂದೇ ಆ ತೂತು ಇಟ್ಟಿರುತ್ತಾರೆ.

ಆದರೂ ಖಾತ್ರಿ ಬೇಕಿತ್ತು. ಪರಿಚಯದವರ ಹತ್ತಿರ ಪ್ರೆಶರ್ ಟೆಸ್ಟರ್ ತಂದೆ. ಕೈಪಂಪು, ಮೀಟರು ಇರುವ ಸಾಮಾನು, ಕ್ಯಾಪ್ ಜಾಗಕ್ಕೆ ಕೂರುತ್ತದೆ. ನನ್ನ ಕ್ಯಾಪ್ ಮೇಲೆ ಅದು ತಡೆಯುವ ಒತ್ತಡ 0.9 ಎಂದಿತ್ತು, ಅಲ್ಲಿಯವರೆಗೆ ಮಾತ್ರ ಒತ್ತಿದೆ. ಜಾಸ್ತಿ ಒತ್ತಿದರೆ ಹಳೆ ಹೋಸು ಬಾಯಿ ಬಿಡುತ್ತದೆ. ಹತ್ತು ನಿಮಿಷದಲ್ಲಿ ಮುಳ್ಳು ಇಳಿಯಿತು, ಪಂಪಿನ ತೂತಿನಲ್ಲಿ ಹನಿ ಮೂಡಿತು. ಅದೇ ಟೆಸ್ಟರಿಗೆ ಕ್ಯಾಪನ್ನೂ ಜೋಡಿಸಿ ನೋಡಿದರೆ 0.5ಕ್ಕೇ ಸೋತಿತು. ರಬ್ಬರ್ ಕಲ್ಲಾಗಿತ್ತು. ಒತ್ತಡ ನಿಲ್ಲದಿದ್ದರೆ ನೀರು ಬೇಗ ಕುದಿಯುತ್ತದೆ. ಊರೊಳಗೆ ಇದು ಗೊತ್ತಾಗುತ್ತಿರಲಿಲ್ಲ. ಘಾಟಿಯಲ್ಲಿ ಸೆಕೆಂಡ್ ಗೇರಿನಲ್ಲಿ ಇಂಜಿನ್ ಕೂಗುತ್ತಾ ಏರುವಾಗ, ಎದುರು ಗಾಳಿಯೂ ಕಮ್ಮಿ, ಪಂಪು, ಕ್ಯಾಪು ಎರಡೂ ಸೇರಿ ಕೈಕೊಟ್ಟವು.

ಪಂಪ್, ಕ್ಯಾಪ್, ಎರಡು ಹೋಸು ಹೊಸದು ಹಾಕಿಸಿದೆ. ಟೈಮಿಂಗ್ ಬೆಲ್ಟನ್ನೂ ಜೊತೆಗೇ ಬದಲಾಯಿಸಿದೆ.

ಹೋದ ತಿಂಗಳು ಭಾವನ ಜೊತೆಗೇ ಮತ್ತೆ ಚಾರ್ಮಾಡಿ ಹತ್ತಿದೆ. ಮುಳ್ಳು ಅರ್ಧದಲ್ಲೇ ನಿಂತಿತ್ತು. ಭಾವ ಮಾತ್ರ ಕೊಟ್ಟಿಗೆಹಾರದ ತನಕ ರಸ್ತೆ ನೋಡದೆ ಅದನ್ನೇ ನೋಡುತ್ತಿದ್ದರು.