ಅದಿರು ಧೂಳು, ಸುಡುಬಿಸಿಲು ಮತ್ತು ನನ್ನ ಕ್ಯಾಮೆರಾ: ಬಳ್ಳಾರಿಯ ಅನುಭವ

ಕ್ಯಾಮೆರಾ ಜೋಪಾನ ಮಾಡುವ ಬಗೆಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ತೇವಕ್ಕೂ ಫಂಗಸ್‌ಗೂ ಹೆದರಿದವರು ಕೊಟ್ಟವು. ಮಂಗಳೂರಿನಲ್ಲೋ ತೀರ್ಥಹಳ್ಳಿಯಲ್ಲೋ ಇರುವವರಿಗೆ ಅವು ಸರಿಯಾಗಿ ಒಪ್ಪುತ್ತವೆ. ನಾನು ಕೆಲಸ ಮಾಡುವುದು ಬಳ್ಳಾರಿಯಲ್ಲಿ. ಮದುವೆ, ಜಾತ್ರೆ, ಸಂಡೂರಿನ ಕಡೆಯ ಗಣಿ ಪ್ರದೇಶದ ಚಿತ್ರಣ, ಆಗಾಗ ಕೊಪ್ಪಳ, ರಾಯಚೂರು ಜಿಲ್ಲೆಗಳ ಕೋಟೆ–ಗುಡಿಗಳ ಕೆಲಸ, ಹೀಗೆ ವರ್ಷವಿಡೀ ಕ್ಯಾಮೆರಾ ಹೊರಗೇ ಇರುತ್ತದೆ. ಈ ಸೀಮೆಯಲ್ಲಿ ಅದಕ್ಕೆ ಮೊದಲ ಅಪಾಯ ಧೂಳಿನಿಂದ, ಎರಡನೆಯದು ಬಿಸಿಲಿನಿಂದ. ತೇವದ ಸರದಿ ಆಮೇಲೆ, ಅದೂ ಮಳೆಗಾಲದ ಕೆಲವು ತಿಂಗಳು ಮಾತ್ರ. ಈ ಕ್ರಮವನ್ನು ಒಪ್ಪಿಕೊಂಡ ಮೇಲೆ ನನ್ನ ಜೋಪಾನದ ವಿಧಾನವೇ ಬದಲಾಯಿತು.

ಧೂಳು ಎಂದು ಒಂದೇ ಮಾತಿನಲ್ಲಿ ಹೇಳಿದರೂ ನಮ್ಮಲ್ಲಿ ಅದು ಒಂದೇ ಬಗೆಯದಲ್ಲ. ಸಂಡೂರು, ತೋರಣಗಲ್ಲು ರಸ್ತೆಗಳಲ್ಲಿ ಏಳುವುದು ಕಬ್ಬಿಣದ ಅದಿರಿನ ಪುಡಿ. ಅದರಲ್ಲಿ ಮುಖ್ಯವಾಗಿರುವ ಹೆಮಟೈಟ್ ಖನಿಜದ ಗಡಸುತನ ಹೆಚ್ಚುಕಡಿಮೆ ಗಾಜಿನಷ್ಟೇ ಇದೆ. ಅದರೊಂದಿಗೆ ಬೆರೆತು ಬರುವ ಬೆಣಚುಕಲ್ಲಿನ ಕಣವಂತೂ ಗಾಜಿಗಿಂತ ಗಡುಸು. ಬಟ್ಟೆಯ ಕೆಳಗೆ ಇಂಥ ಒಂದು ಕಣ ಸಿಕ್ಕಿಕೊಂಡರೂ ಲೆನ್ಸಿನ ಲೇಪನದ ಮೇಲೆ ಗೀರು ಬೀಳುತ್ತದೆ. ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆಯ ಅಕ್ಕಿ ಗಿರಣಿಗಳಲ್ಲಿ ಚಿತ್ರ ತೆಗೆಯುವಾಗ ಕೂರುವುದು ತೌಡಿನ ಪುಡಿ. ಅದು ಮೆತ್ತಗಿರುವುದರಿಂದ ಗೀರುವುದಿಲ್ಲ, ಆದರೆ ಎಣ್ಣೆಯ ಅಂಶವಿರುವುದರಿಂದ ಅಂಟಿಕೊಳ್ಳುತ್ತದೆ; ಗಾಳಿ ಊದಿದರೆ ಪೂರ್ತಿ ಹೋಗುವುದಿಲ್ಲ, ಒರೆಸಿದರೆ ಜಿಡ್ಡಾಗಿ ಹರಡುತ್ತದೆ. ರಾಯಚೂರಿನ ಹತ್ತಿ ಮಾರುಕಟ್ಟೆಯದು ಇನ್ನೊಂದು ಕಥೆ. ಅಲ್ಲಿ ತೇಲುವ ಹತ್ತಿಯ ಎಳೆ ಲೆನ್ಸ್ ಬದಲಿಸುವ ಕ್ಷಣಕ್ಕಾಗಿಯೇ ಕಾದಿರುತ್ತದೆ. ಒಳಹೊಕ್ಕು ಸೆನ್ಸರಿನ (ಚಿತ್ರ ಹಿಡಿಯುವ ಫಲಕದ) ಮೇಲೆ ಕೂತರೆ ಪ್ರತಿ ಫೋಟೋದಲ್ಲೂ ಸೊಟ್ಟ ಕೂದಲಿನಂಥ ನೆರಳು ಬರುತ್ತದೆ. ಹೀಗಾಗಿ ಎಲ್ಲಿಗೆ ಹೋಗಿ ಬಂದೆ ಎಂಬುದನ್ನು ನೋಡಿಕೊಂಡೇ ನಾನು ಶುಚಿ ಮಾಡಲು ಕೂರುತ್ತೇನೆ.

ಸಂಡೂರಿನಿಂದ ಬಂದ ದಿನದ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲು ಚೀಲವನ್ನು ಮನೆಯ ಹೊರಗೇ ಕೊಡವಿ, ಅದರ ಜಿಪ್‌ಗಳನ್ನು ಬಣ್ಣ ಹಚ್ಚುವ ಅಗಲವಾದ ಬ್ರಷ್ಷಿನಿಂದ ಉಜ್ಜುತ್ತೇನೆ. ಜಿಪ್ಪಿನ ಹಲ್ಲುಗಳಲ್ಲಿ ಉಳಿದ ಧೂಳು ಚೀಲ ತೆರೆದಾಗಲೆಲ್ಲ ಒಳಗೇ ಉದುರುತ್ತದೆ. ಆಮೇಲೆ ಫ್ಯಾನ್ ಆರಿಸಿ, ಲೆನ್ಸ್ ಹಾಕಿದಂತೆಯೇ ಕ್ಯಾಮೆರಾವನ್ನು ಕೆಳಮುಖವಾಗಿ ಹಿಡಿದು ರಬ್ಬರ್ ಬ್ಲೋವರಿನಿಂದ ಗಾಳಿ ಹೊಡೆಯುತ್ತೇನೆ. ಊದಿದ ಧೂಳು ಕೆಳಗೆ ಬೀಳಬೇಕೇ ಹೊರತು ಎದ್ದು ಮತ್ತೆ ಅಲ್ಲೇ ಕೂರಬಾರದು. ಫೋಕಸ್ ರಿಂಗ್, ಜೂಮ್ ರಿಂಗ್‌ಗಳ ರಬ್ಬರ್ ಸಂದು, ಡಯಲ್‌ಗಳ ಬುಡ, ಫ್ಲಾಶ್ ಕೂರಿಸುವ ಹಾಟ್ ಶೂ, ಲೆನ್ಸ್ ಮತ್ತು ಬಾಡಿ ಸೇರುವ ಗೆರೆ, ಇವೇ ಅದಿರು ಪುಡಿ ಅಡಗುವ ಜಾಗಗಳು. ಗಾಳಿಗೆ ಹೋಗದ್ದನ್ನು ಮೃದುವಾದ ಒಣ ಬ್ರಷ್ಷು ತೆಗೆಯುತ್ತದೆ. ಈ ಬ್ರಷ್ಷಿನ ಕೂದಲನ್ನು ಬೆರಳಿನಿಂದ ಮುಟ್ಟುವ ಹಾಗಿಲ್ಲ, ಏಕೆಂದರೆ ಕೈಯ ಜಿಡ್ಡು ಅದರ ಮೂಲಕ ಗಾಜಿಗೆ ಹೋಗುತ್ತದೆ. ಇಷ್ಟಾದ ಮೇಲೆ, ಬರಿಗಣ್ಣಿಗೆ ಒಂದು ಕಣವೂ ಕಾಣದಿದ್ದಾಗ ಮಾತ್ರ ಬಟ್ಟೆ ಕೈಗೆ ಬರುತ್ತದೆ. ಲೆನ್ಸ್ ಶುಚಿ ಮಾಡುವ ದ್ರವವನ್ನು ಗಾಜಿನ ಮೇಲೆ ನೇರವಾಗಿ ಹಾಕಿದರೆ ಅಂಚಿನ ಸಂದಿನಿಂದ ಒಳಗಿಳಿಯುತ್ತದೆ. ಅದಕ್ಕೆ ಮೈಕ್ರೋಫೈಬರ್ ಬಟ್ಟೆಗೇ ಒಂದು ಹನಿ ಹಾಕಿ, ನಡುವಿನಿಂದ ಸುತ್ತುತ್ತ ಅಂಚಿನ ಕಡೆಗೆ ಹಗುರವಾಗಿ ಒರೆಸುತ್ತೇನೆ. ಬಟ್ಟೆ ಬಿಳಿಯದೇ ಇರಲಿ ಎಂಬುದು ನನ್ನ ಹಟ: ಒರೆಸಿದ ಮೇಲೆ ಅದರ ಮೇಲೆ ಕೆಂಪು ಗೆರೆ ಕಂಡರೆ ಗಾಳಿ ಹೊಡೆದದ್ದು ಸಾಲದು ಎಂದು ತಿಳಿದು, ಬಟ್ಟೆಯನ್ನು ಬದಿಗಿಟ್ಟು ಮತ್ತೆ ಬ್ಲೋವರಿಗೇ ಹೋಗುತ್ತೇನೆ.

ಬಾಯಿಂದ ಊದುವುದು, ಅಂಗಿಯ ಚುಂಗಿನಿಂದ ಒರೆಸುವುದು ನಮ್ಮ ವೃತ್ತಿಯಲ್ಲೂ ಎಷ್ಟೋ ಜನರಿಗೆ ಕೈಯಭ್ಯಾಸ. ಊದಿದರೆ ಎಂಜಲಿನ ಸಣ್ಣ ಹನಿಗಳು ಗಾಜಿನ ಮೇಲೆ ಕೂರುತ್ತವೆ. ಕಂಪ್ಯೂಟರ್ ಶುಚಿ ಮಾಡಲು ಮಾರುವ ಒತ್ತಡದ ಗಾಳಿಯ ಡಬ್ಬಿಯನ್ನೂ ಕ್ಯಾಮೆರಾದ ಒಳಭಾಗಕ್ಕೆ ಬಳಸಬಾರದು. ಡಬ್ಬಿ ವಾಲಿದರೆ ಒಳಗಿನ ದ್ರವವೇ ಚಿಮ್ಮಿ ಸೆನ್ಸರಿನ ಮೇಲೆ ಕಲೆಯಾಗುತ್ತದೆ.

ಲೆನ್ಸ್ ಬದಲಿಸುವುದನ್ನು ಧೂಳಿನ ಜಾಗದಲ್ಲಿ ಆದಷ್ಟೂ ತಪ್ಪಿಸುತ್ತೇನೆ. ಎರಡು ಬಾಡಿಗಳಿಗೆ ಎರಡು ಲೆನ್ಸ್ ಹಾಕಿಕೊಂಡು ಹೊರಡುವುದು ದುಬಾರಿ ಎನ್ನಿಸಬಹುದು, ಆದರೆ ಹಳೆಯ ಬಾಡಿಯನ್ನು ಮಾರಿ ಬರುವ ಅಲ್ಪ ಹಣಕ್ಕಿಂತ ಅದನ್ನು ಹೀಗೆ ಉಳಿಸಿಕೊಳ್ಳುವುದೇ ಲಾಭ. ಬದಲಿಸಲೇಬೇಕಾದರೆ ಕಾರಿನೊಳಗೆ ಕುಳಿತು, ಗಾಜು ಏರಿಸಿ, ಏಸಿಯ ಗಾಳಿ ನಿಲ್ಲಿಸಿ, ಕ್ಯಾಮೆರಾ ಆಫ್ ಮಾಡಿ, ಬಾಯಿ ಕೆಳಗಾಗಿ ಹಿಡಿದು ಬದಲಿಸುತ್ತೇನೆ. ಮುಂದಿನ ಲೆನ್ಸಿನ ಹಿಂಬದಿಯ ಮುಚ್ಚಳವನ್ನು ಮೊದಲೇ ಸಡಿಲಿಸಿಟ್ಟುಕೊಂಡರೆ ಬಾಡಿ ತೆರೆದಿರುವ ಹೊತ್ತು ಕಡಿಮೆಯಾಗುತ್ತದೆ. ಮುಚ್ಚಳಗಳ ಒಳಮೈಯನ್ನೂ ಊದಬೇಕು. ಅಲ್ಲಿ ಕೂತ ಧೂಳು ನೇರವಾಗಿ ಲೆನ್ಸಿನ ಹಿಂಬದಿಯ ಗಾಜಿಗೆ, ಅಲ್ಲಿಂದ ಸೆನ್ಸರಿಗೆ ಹೋಗುತ್ತದೆ.

ಸೆನ್ಸರಿನ ಮೇಲೆ ಧೂಳಿದೆಯೇ ಎಂದು ತಿಳಿಯಲು ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯನ್ನು (ಅಪರ್ಚರ್) ಎಫ್/16 ಅಥವಾ ಎಫ್/22ಕ್ಕೆ ಕಿರಿದಾಗಿಸಿ, ಫೋಕಸ್ ಕೆಡಿಸಿ, ಮೋಡವಿಲ್ಲದ ಆಕಾಶದ ಒಂದು ಫೋಟೋ ತೆಗೆದರೆ ಸಾಕು. ನಮ್ಮೂರಲ್ಲಿ ಅಂಥ ಆಕಾಶಕ್ಕೇನೂ ಬರವಿಲ್ಲ. ಕಂಪ್ಯೂಟರಿನಲ್ಲಿ ಕಾಂಟ್ರಾಸ್ಟ್ ಹೆಚ್ಚಿಸಿ ನೋಡಿದರೆ ಧೂಳಿನ ಕಣಗಳು ಮಸುಕಾದ ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ. ಸೆನ್ಸರಿನ ಮೇಲೆ ಬಿಂಬ ತಲೆಕೆಳಗಾಗಿ ಬೀಳುವುದರಿಂದ, ಫೋಟೋದ ಮೇಲ್ಭಾಗದ ಎಡಮೂಲೆಯಲ್ಲಿ ಕಂಡ ಚುಕ್ಕೆ, ಕ್ಯಾಮೆರಾವನ್ನು ಎದುರಿನಿಂದ ನೋಡುವಾಗ ಸೆನ್ಸರಿನ ಕೆಳಭಾಗದ ಎಡಮೂಲೆಯಲ್ಲಿ ಇರುತ್ತದೆ. ಇದು ಗೊತ್ತಿದ್ದರೆ ಎಲ್ಲಿ ಊದಬೇಕೆಂದು ಹುಡುಕಾಡಬೇಕಿಲ್ಲ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರುವಾಗಲೇ ಕ್ಯಾಮೆರಾದ ಸೆನ್ಸರ್ ಕ್ಲೀನಿಂಗ್ ಆಯ್ಕೆಗೆ ಹೋಗಬೇಕು. ಡಿಎಸ್‌ಎಲ್‌ಆರ್‌ನಲ್ಲಿ ಆ ಆಯ್ಕೆ ಸೆನ್ಸರಿನ ಮುಂದಿನ ಕನ್ನಡಿಯನ್ನು ಎತ್ತಿ ಹಿಡಿದಿರುತ್ತದೆ; ನಡುವೆ ಬ್ಯಾಟರಿ ಸತ್ತರೆ ಕನ್ನಡಿ ಮತ್ತು ಶಟರ್ ಮುಚ್ಚಿಕೊಂಡು ಒಳಗಿರುವ ಉಪಕರಣಕ್ಕೆ ತಗುಲುತ್ತವೆ. ಹೆಚ್ಚಿನ ಸಲ ಗಾಳಿಯಿಂದಲೇ ಕೆಲಸ ಮುಗಿಯುತ್ತದೆ. ತೌಡಿನ ಜಿಡ್ಡಿನಂಥದ್ದಕ್ಕೆ ಮಾತ್ರ ಒದ್ದೆ ಸ್ವಾಬ್ (ತುದಿಗೆ ಬಟ್ಟೆ ಸುತ್ತಿದ ಚಪ್ಪಟೆ ಕಡ್ಡಿ) ಬೇಕಾಗುತ್ತದೆ. ಸೆನ್ಸರ್ ದೊಡ್ಡ ಅಳತೆಯ ಫುಲ್ ಫ್ರೇಮ್ ಆದರೆ 24 ಮಿಲಿಮೀಟರ್, ಚಿಕ್ಕ ಅಳತೆಯ ಎಪಿಎಸ್–ಸಿ ಆದರೆ 16 ಮಿಲಿಮೀಟರ್ ಅಗಲದ ಸ್ವಾಬ್ ತೆಗೆದುಕೊಂಡು, ಒಂದೆರಡು ಹನಿ ದ್ರವ ಹಾಕಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಎಳೆತ, ಮಗ್ಗುಲು ತಿರುಗಿಸಿ ವಾಪಸ್ಸು ಒಂದೇ ಎಳೆತ. ಆ ಸ್ವಾಬನ್ನು ಅಲ್ಲಿಗೇ ಬಿಸಾಡಬೇಕು. ಕೈ ನಡುಗುವವರು ಇದಕ್ಕೆ ಹೋಗದೆ ಸರ್ವಿಸ್ ಸೆಂಟರಿಗೆ ಕೊಡುವುದೇ ಮೇಲು.

ಜಾತ್ರೆಗಳ ಮಾತು ಬೇರೆ. ಕೊಪ್ಪಳದ ಗವಿಸಿದ್ಧೇಶ್ವರ ರಥೋತ್ಸವದಲ್ಲಿ ತೇರಿನತ್ತ ಉತ್ತತ್ತಿ, ಬಾಳೆಹಣ್ಣುಗಳು ಹಾರಿಬರುತ್ತವೆ. ತೇರಿನ ಹತ್ತಿರ ನಿಂತವನ ಕ್ಯಾಮೆರಾ ಅದರ ದಾರಿಯಲ್ಲೇ ಇರುತ್ತದೆ. ಲೆನ್ಸ್ ಹುಡ್ ಬಿಸಿಲಿಗೆ ಮರೆಯಾಗುವುದಕ್ಕಿಂತ ಹೆಚ್ಚಾಗಿ ಅಲ್ಲಿ ಪೆಟ್ಟು ತಡೆಯುತ್ತದೆ. ಲೆನ್ಸಿನ ಮುಂದೆ ಹಾಕುವ ಯುವಿ ಫಿಲ್ಟರ್ ಬೇಕೋ ಬೇಡವೋ ಎಂದು ಛಾಯಾಗ್ರಾಹಕರು ಜಗಳವಾಡುವುದುಂಟು. ನನ್ನ ಮಟ್ಟಿಗೆ ಗಣಿ ಪ್ರದೇಶಕ್ಕೂ ಜಾತ್ರೆಗೂ ಅದು ಬೇಕೇ ಬೇಕು, ರಾತ್ರಿ ದೀಪಗಳ ಚಿತ್ರಕ್ಕೆ ಬೇಡ, ಏಕೆಂದರೆ ದೀಪದ ಪ್ರತಿಬಿಂಬ ಫಿಲ್ಟರಿನ ಗಾಜಿನಲ್ಲಿ ಮೂಡಿ ಚಿತ್ರದಲ್ಲಿ ಇನ್ನೊಂದು ಮಸುಕು ದೀಪವಾಗಿ ಕಾಣುತ್ತದೆ. ಮೆರವಣಿಗೆ, ಆರ್ಕೆಸ್ಟ್ರಾಗಳಲ್ಲಿ ಈಚೆಗೆ ಬಳಸುವ ಲೇಸರ್ ಬೆಳಕಿನ ಬಗ್ಗೆ ನಾನು ಎಲ್ಲರಿಗೂ ಹೇಳುತ್ತೇನೆ: ಅದರ ಕಿರಣ ನೇರವಾಗಿ ಲೆನ್ಸಿನೊಳಗೆ ಬಿದ್ದರೆ ಸೆನ್ಸರಿನ ಮೇಲೆ ಅಳಿಸಲಾಗದ ಗೆರೆಯೋ ಚುಕ್ಕೆಯೋ ಉಳಿಯಬಹುದು. ಕಿರಣ ನನ್ನತ್ತ ತಿರುಗುವ ಜಾಗದಲ್ಲಿ ನಾನು ನಿಲ್ಲುವುದೇ ಇಲ್ಲ.

ಇನ್ನು ಬಿಸಿಲು. ಹೆಚ್ಚಿನ ಕ್ಯಾಮೆರಾಗಳ ಕೈಪಿಡಿಯಲ್ಲಿ ಬಳಕೆಯ ಉಷ್ಣತೆ 0ಯಿಂದ 40 ಡಿಗ್ರಿ ಸೆಲ್ಸಿಯಸ್ ಎಂದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರುಗಳ ನೆರಳಿನ ಉಷ್ಣತೆಯೇ 40 ದಾಟುತ್ತದೆ. ಬಿಸಿಲಿನಲ್ಲಿ ಹಿಡಿದ ಕಪ್ಪು ಬಾಡಿಯ ಬಿಸಿ ಅದಕ್ಕಿಂತ ಬಹಳ ಹೆಚ್ಚು. ಬಳ್ಳಾರಿ ಕೋಟೆಯ ಬಂಡೆಯ ಮೇಲೆ ಮಧ್ಯಾಹ್ನ ನಿಂತವರಿಗೆ ಮೇಲಿನಿಂದಲೂ ಕೆಳಗಿನಿಂದಲೂ ಕಾವು ಹೊಡೆಯುವುದು ಗೊತ್ತು. ಹಾಗೆಂದು ಕೆಲಸ ನಿಲ್ಲುವುದಿಲ್ಲ. ಚಿತ್ರ ತೆಗೆಯುವ ನಡುವಿನ ಬಿಡುವಿನಲ್ಲಿ ಕ್ಯಾಮೆರಾದ ಮೇಲೆ ಒಣ ಬಿಳಿ ಟವೆಲ್ ಹೊದಿಸಿ ನೆರಳಿಗೆ ಸರಿಸುತ್ತೇನೆ. ವಿಡಿಯೋ ತೆಗೆಯುವಾಗ ಬಾಡಿ ಬೇಗ ಬಿಸಿಯೇರಿ ತಾನಾಗಿ ಆಫ್ ಆಗುವುದುಂಟು; ಹಿಂಬದಿಯ ಪರದೆಯನ್ನು ಬಾಡಿಯಿಂದ ಹೊರಗೆ ತಿರುಗಿಸಿಟ್ಟರೆ ಬಿಸಿ ಹೊರಹೋಗಲು ಜಾಗ ಸಿಗುತ್ತದೆ. ನಿಲ್ಲಿಸಿದ ಕಾರಿನಲ್ಲಿ ಚೀಲ ಬಿಟ್ಟು ಊಟಕ್ಕೆ ಹೋಗುವುದು ನನ್ನ ತಂಡದಲ್ಲಿ ನಿಷಿದ್ಧ. ಇಡುವ ಜಾಗದ ಉಷ್ಣತೆ 50 ಡಿಗ್ರಿ ಮೀರಬಾರದೆಂದು ನಿಕಾನ್ ಕೈಪಿಡಿಗಳು ಹೇಳುತ್ತವೆ. ನಮ್ಮ ಬೇಸಿಗೆಯಲ್ಲಿ ಮುಚ್ಚಿದ ಕಾರಿನ ಒಳಗು ಅದನ್ನು ಸುಲಭವಾಗಿ ಮೀರುತ್ತದೆ. ಅಂಥ ಕಾವಿನಲ್ಲಿ ಲೆನ್ಸಿನೊಳಗಿನ ಗ್ರೀಸ್ ತೆಳುವಾಗಿ ಹರಿದು ಅಪರ್ಚರ್ ಬ್ಲೇಡುಗಳಿಗೆ ಅಂಟಬಹುದು, ಲಿಥಿಯಂ ಬ್ಯಾಟರಿಯ ಆಯುಸ್ಸೂ ಕುಗ್ಗುತ್ತದೆ. ಉಬ್ಬಿದ ಬ್ಯಾಟರಿಯನ್ನು ಇನ್ನೊಂದು ದಿನ ನಡೆಯಲಿ ಎಂದು ಒತ್ತಿ ಒಳಗೆ ಕೂರಿಸಬಾರದು.

ಸೂರ್ಯನಿಂದ ಇನ್ನೊಂದು ಅಪಾಯವಿದೆ, ಅದು ಹೆಚ್ಚು ಜನರ ಗಮನಕ್ಕೆ ಬಂದಿಲ್ಲ. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಎಂದರೆ ಒಂದು ಭೂತಗನ್ನಡಿಯೇ. ಎಲೆಕ್ಟ್ರಾನಿಕ್ ವ್ಯೂಫೈಂಡರ್ ಇರುವ ಮಿರರ್‌ಲೆಸ್ ಕ್ಯಾಮೆರಾವನ್ನು ಹೆಗಲಿಗೆ ನೇತುಹಾಕಿಕೊಂಡಾಗ ಹಿಂಬದಿಯಿಂದ ಬಿಸಿಲು ಅದರೊಳಗೆ ಬಿದ್ದರೆ ಒಳಗಿನ ಸಣ್ಣ ಪರದೆ ಸುಟ್ಟು ಕಲೆಯಾಗುತ್ತದೆ. ನಾನು ಹಿಂಬದಿಯನ್ನು ಮೈಯ ಕಡೆಗೆ ತಿರುಗಿಸಿ ನೇತುಹಾಕುತ್ತೇನೆ, ಟ್ರೈಪಾಡಿನ ಮೇಲಿದ್ದರೆ ಟವೆಲ್ ಮುಚ್ಚುತ್ತೇನೆ.

ಏಸಿ ಕೋಣೆಯಿಂದ ಹೊರಗೆ ಬಂದ ಕೂಡಲೇ ಲೆನ್ಸ್ ಮಂಜಾಗುವ ವಿಚಾರದಲ್ಲಿ ನಮ್ಮ ಬೇಸಿಗೆ ಒಂದು ಉಪಕಾರ ಮಾಡುತ್ತದೆ. ಹೊರಗೆ 40 ಡಿಗ್ರಿ ಇದ್ದು ಆರ್ದ್ರತೆ ಶೇ 20ರಷ್ಟೇ ಇದ್ದರೆ ಗಾಳಿಯ ತೇವ ಹನಿಗಟ್ಟಲು ಗಾಜು ಸುಮಾರು 13 ಡಿಗ್ರಿಗೆ ಇಳಿದಿರಬೇಕು. ಯಾವ ಲಾಡ್ಜಿನ ಏಸಿಯೂ ಅಷ್ಟು ತಣ್ಣಗೆ ಮಾಡುವುದಿಲ್ಲ. ಅದೇ ಸೆಪ್ಟೆಂಬರಿನ ಒಂದು ಮಳೆಯ ಸಂಜೆ 30 ಡಿಗ್ರಿ, ಶೇ 80 ಇದ್ದರೆ 26 ಡಿಗ್ರಿಯ ಗಾಜಿನ ಮೇಲೂ ಮಂಜು ಕೂರುತ್ತದೆ. ಆದ್ದರಿಂದ ಮಳೆಗಾಲದ ಮದುವೆಗಳಲ್ಲಿ ಕ್ಯಾಮೆರಾವನ್ನು ಏಸಿ ಕೋಣೆಯಲ್ಲೇ ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮುಚ್ಚಿ, ಹೊರಗೆ ತಂದು ಅರ್ಧ ಗಂಟೆ ಬಿಟ್ಟು ತೆರೆಯುತ್ತೇನೆ. ಅಷ್ಟರಲ್ಲಿ ಗಾಜು ಹೊರಗಿನ ಬಿಸಿಗೆ ಹೊಂದಿಕೊಂಡಿರುತ್ತದೆ. ಮಂಜು ಕೂತ ಲೆನ್ಸನ್ನು ಒರೆಸುವುದಾಗಲಿ, ಆಗಲೇ ಬಾಡಿಯಿಂದ ಕಳಚುವುದಾಗಲಿ ಸರಿಯಲ್ಲ.

ಇಡುವ ವ್ಯವಸ್ಥೆ ನನ್ನದು ಸರಳ. ವಿದ್ಯುತ್ತಿನಿಂದ ನಡೆಯುವ ಡ್ರೈ ಕ್ಯಾಬಿನೆಟ್ಟು ಕರಾವಳಿಯವರಿಗೆ ಅಗತ್ಯ; ಇಲ್ಲಿ ರಬ್ಬರ್ ಅಂಚಿನ, ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬ, ಆರ್ದ್ರತೆ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್, ತೇವ ಹೀರುವ ಸಿಲಿಕಾ ಜೆಲ್ ಹರಳು ಇದ್ದರೆ ಸಾಕು. ಒಳಗಿನ ಆರ್ದ್ರತೆ ಶೇ 40ರಿಂದ 50ರೊಳಗೆ ಇರುವಂತೆ ನೋಡಿಕೊಳ್ಳುತ್ತೇನೆ. ಶೇ 60 ದಾಟಿ ಬಹಳ ದಿನ ನಿಂತರೆ ಫಂಗಸ್ ಹಿಡಿಯುವ ಭಯವಿದೆ. ತೀರಾ ಒಣಗಿಸುವುದೂ ಒಳ್ಳೆಯದಲ್ಲ, ಬಾಡಿಯ ಹಿಡಿಕೆಯ ರಬ್ಬರ್, ಲೆನ್ಸಿನ ಗ್ರೀಸ್ ಒಣಗುತ್ತವೆ. ಆದ್ದರಿಂದ ಬೇಸಿಗೆಯಲ್ಲಿ ಸಿಲಿಕಾ ಜೆಲ್ಲನ್ನು ಹೊರಗೇ ತೆಗೆದಿಡುತ್ತೇನೆ. ಮಳೆಗಾಲದಲ್ಲಿ ಕಿತ್ತಳೆ ಬಣ್ಣದ ಹರಳು ಹಸಿರಾದಾಗ 120 ಡಿಗ್ರಿಯ ಓವನ್‌ನಲ್ಲಿ ಒಂದೆರಡು ಗಂಟೆ ಒಣಗಿಸಿದರೆ ಮತ್ತೆ ಕಿತ್ತಳೆಯಾಗುತ್ತದೆ. ನೀಲಿ ಹರಳು ಗುಲಾಬಿಯಾಗುವ ಬಗೆಯದೂ ಇದೆ; ಅದರಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆಮನೆಯ ಹತ್ತಿರ ನಾನು ತರುವುದಿಲ್ಲ. ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ, ನುಸಿಗುಳಿಗೆಯ ಪಕ್ಕ ಕ್ಯಾಮೆರಾ ಇಡುವ ಮನೆಗಳನ್ನು ಬೇಕಾದಷ್ಟು ಕಂಡಿದ್ದೇನೆ. ನುಸಿಗುಳಿಗೆ, ಕರ್ಪೂರಗಳ ಹತ್ತಿರ ಇಡಬೇಡಿ ಎಂದು ಕೈಪಿಡಿಗಳೇ ಎಚ್ಚರಿಸುತ್ತವೆ. ಚರ್ಮದ ಕೇಸಿನಲ್ಲಿ ತಿಂಗಳುಗಟ್ಟಲೆ ಮುಚ್ಚಿಡುವುದೂ ಬೇಡ, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ.

ಕೆಲಸವಿಲ್ಲದ ಆಷಾಢದಲ್ಲಿ ಬ್ಯಾಟರಿಗಳನ್ನು ಕ್ಯಾಮೆರಾದಿಂದ ತೆಗೆದು, ಅರ್ಧದಷ್ಟು ಚಾರ್ಜ್ ಉಳಿಸಿ, ತುದಿಗಳಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ ತಣ್ಣನೆಯ ಜಾಗದಲ್ಲಿ ಇಡುತ್ತೇನೆ. ತಿಂಗಳಿಗೊಮ್ಮೆಯಾದರೂ ಪ್ರತಿ ಬಾಡಿಯನ್ನು ಹೊರತೆಗೆದು, ಆನ್ ಮಾಡಿ, ಕೆಲವು ಸಲ ಶಟರ್ ಒತ್ತಿ, ಜೂಮ್ ಮತ್ತು ಫೋಕಸ್ ರಿಂಗ್‌ಗಳನ್ನು ಪೂರ್ತಿ ತಿರುಗಿಸುತ್ತೇನೆ. ಬಳಸದೆ ಇಟ್ಟ ಲೆನ್ಸಿನ ಮೂಲಕ ಟಾರ್ಚ್ ಹಾಯಿಸಿ ನೋಡಿದರೆ ಜೇಡರ ಬಲೆಯಂತೆ ಎಳೆ ಕಟ್ಟುವ ಫಂಗಸ್ ಮೊದಲ ಹಂತದಲ್ಲೇ ಸಿಗುತ್ತದೆ. ಹಾಗೆ ಸಿಕ್ಕಿದ ಲೆನ್ಸನ್ನು ಉಳಿದವುಗಳ ಡಬ್ಬದಲ್ಲಿ ಇಡಬಾರದು. ಮೆಮೊರಿ ಕಾರ್ಡಿನ ವಿಷಯದಲ್ಲಿ ಹೇಳುವುದು ಕಡಿಮೆ: ಕಾರ್ಡಿಗೆ ಬರೆಯುವಾಗ ಉರಿಯುವ ದೀಪ ಆರುವ ಮುನ್ನ ಬಾಗಿಲು ತೆರೆಯಬಾರದು, ಎರಡು ಕಡೆ ಪ್ರತಿ ಮಾಡಿಕೊಂಡ ಮೇಲೆಯೇ ಫಾರ್ಮ್ಯಾಟ್ ಮಾಡಬೇಕು, ಅದನ್ನೂ ಕಂಪ್ಯೂಟರಿನಲ್ಲಿ ಮಾಡದೆ ಕ್ಯಾಮೆರಾದಲ್ಲೇ ಮಾಡಬೇಕು.

ದೊಡ್ಡ ರಿಪೇರಿ ಬಂದರೆ ನಾನು ಬೆಂಗಳೂರಿಗೆ ಕಳಿಸುತ್ತೇನೆ. ಬ್ಯಾಟರಿ, ಕಾರ್ಡ್, ಪಟ್ಟಿ ತೆಗೆದು, ಬಾಡಿಗೂ ಲೆನ್ಸಿಗೂ ಮುಚ್ಚಳ ಹಾಕಿ ಬೇರೆ ಬೇರೆಯಾಗಿ ಸುತ್ತಿ, ಸೀರಿಯಲ್ ನಂಬರ್ ಕಾಣುವಂತೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡು, ತೊಂದರೆ ಯಾವಾಗ, ಯಾವ ಸೆಟ್ಟಿಂಗಿನಲ್ಲಿ ಬರುತ್ತದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಒಳಗಿಡುತ್ತೇನೆ. ತೊಂದರೆ ಕಾಣಿಸಿಕೊಂಡ ಒಂದೆರಡು ಫೋಟೋಗಳ ಪ್ರಿಂಟ್ ಜೊತೆಗಿದ್ದರೆ ರಿಪೇರಿಯವರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಅರ್ಧಕ್ಕರ್ಧ ಕಡಿಮೆಯಾಗುತ್ತವೆ.