ಹಳೇ ಓಪನ್ ಲಾರಿ ತಗೊಂಡು ಎಕ್ಸ್‌ಪ್ರೆಸ್ ಲೋಡ್‌ಗೆ ಕಂಟೇನರ್ ಕಟ್ಟಿಸೋರಿಗೆ

ಲಾರಿ ಹುಡುಕೋಕೆ ಮುಂಚೆ ಲೈನ್, ಅಂದ್ರೆ ಯಾರ ಲೋಡ್, ಯಾವ ರೂಟ್ ಅಂತ ಮಾತಾಡ್ಕೊಳ್ಳಿ. ಯಾವ ಪಾರ್ಸೆಲ್ ಕಂಪನಿ, ಬೆಂಗಳೂರು-ಮುಂಬೈನಾ ಬೆಂಗಳೂರು-ಡೆಲ್ಲಿನಾ, ಅವರಿಗೆ 24 ಅಡಿ ಕಂಟೇನರ್ ಬೇಕಾ 32 ಅಡಿ ಬೇಕಾ, ವಾಪಸ್ ಲೋಡ್ ಅವರೇ ಕೊಡ್ತಾರಾ, ಲೇಟಾದ್ರೆ ಬಾಡಿಗೇಲಿ ಎಷ್ಟು ಹಿಡ್ಕೋತಾರೆ, ಇದೆಲ್ಲ ಗೊತ್ತಾದ್ಮೇಲೇ ಗಾಡಿ. ಯಾಕಂದ್ರೆ ಅಡಿ ಫಿಕ್ಸ್ ಆದ್ರೆ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರದ ನಡುವಿನ ಅಂತರ) ಫಿಕ್ಸ್. ಚಾಸಿ (ಗಾಡಿಯ ಕೆಳಗಿನ ಉದ್ದದ ಫ್ರೇಮ್) ಕಟ್ ಮಾಡಿ ವೆಲ್ಡಿಂಗ್ ಹೊಡೆದು ಉದ್ದ ಮಾಡಿರೋ ಗಾಡಿ ಎಷ್ಟೇ ಕಡಿಮೆಗೆ ಸಿಕ್ಕಿದ್ರೂ ಬೇಡವೇ ಬೇಡ, ರಾತ್ರಿಯೆಲ್ಲ ಹೈವೇಲಿ ಓಡೋ ಗಾಡಿ ಅದು, ಒಳಗೆ ಇಬ್ರು ಡ್ರೈವರ್ ಇರ್ತಾರೆ.

ಗಾಡಿ ನೋಡೋಕೆ ಬೆಳಿಗ್ಗೆ ಇಂಜಿನ್ ತಣ್ಣಗಿರೋವಾಗ್ಲೇ ಹೋಗಿ, ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ರೆ ಇನ್ನೊಂದಿನ ಬರ್ತೀನಿ ಅನ್ನಿ. ಸ್ಟಾರ್ಟ್ ಮಾಡಿಸಿ ಆಯಿಲ್ ಹಾಕೋ ಮುಚ್ಚಳ ತೆಗೀರಿ, ಹೊಗೆ ಜೋರಾಗಿ ಉಗುಳ್ತಿದ್ರೆ ಇಂಜಿನ್ ಕೆಲಸ ಬಂದಿದೆ ಅಂತ. ಕೆಳಗೆ ನುಗ್ಗಿ ಕಮಾನ್ ಪಟ್ಟಿ ಕೂರೋ ಬ್ರಾಕೆಟ್ ಹತ್ರ ಎಲ್ಲಾದ್ರೂ ಹೊಸ ಪೇಂಟ್ ಕಂಡ್ರೆ ಕೆರೆದು ನೋಡಿ, ಬಿರುಕು, ವೆಲ್ಡಿಂಗ್ ಮುಚ್ಚೋದು ಅಲ್ಲೇ. ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿ ಆದ್ರೆ ಸ್ಕ್ಯಾನರ್ ಹಾಕಿಸಿ ಆಡ್‌ಬ್ಲೂ, ಅಂದ್ರೆ ಹೊಗೆಯ ವಿಷ ಕಡಿಮೆ ಮಾಡೋ ದ್ರಾವಣದ ಸಿಸ್ಟಂ ಸರಿಯಾಗಿದೆಯಾ ನೋಡಿ.

ವಯಸ್ಸೂ ಮುಖ್ಯ. ಬೇರೆ ರಾಜ್ಯಗಳಿಗೂ ಓಡಿಸೋಕೆ ಬೇಕಾದ ನ್ಯಾಷನಲ್ ಪರ್ಮಿಟ್ ಎರಡು ಆಕ್ಸಲ್ ಗಾಡಿಗೆ 12 ವರ್ಷ, ಮಲ್ಟಿ ಆಕ್ಸಲ್‌ಗೆ 15 ವರ್ಷ ಅಷ್ಟೇ, ಹತ್ತು ವರ್ಷದ ಎರಡು ಆಕ್ಸಲ್ ಗಾಡಿಗೆ ಹೊಸ ಕಂಟೇನರ್ ಕಟ್ಟಿಸಿದ್ರೆ ಆ ದುಡ್ಡು ಹುಟ್ಟೋಕೆ ಟೈಮೇ ಇರಲ್ಲ. 8 ವರ್ಷ ದಾಟಿದ್ರೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಪ್ರತಿ ವರ್ಷ. ಸಾಲ ಇದ್ದ ಗಾಡಿ ಆದ್ರೆ ಸಾಲ ತೀರಿದೆ ಅನ್ನೋ ಫಾರಂ 35, ಬೇರೆ ರಾಜ್ಯದ್ದಾದ್ರೆ ಅಲ್ಲಿನ ಆರ್‌ಟಿಓ ಕೊಡೋ ಫಾರಂ 28 ಎನ್‌ಒಸಿ (ತಕರಾರಿಲ್ಲ ಅನ್ನೋ ಪತ್ರ) ಕೈಗೆ ಬರೋವರೆಗೆ ಪೂರ್ತಿ ದುಡ್ಡು ಕೊಡ್ಬೇಡಿ.

ಈಗ ಬಾಡಿ, ಅಂದ್ರೆ ಕಂಟೇನರ್ ಕಟ್ಟಿಸೋ ಕೆಲಸ. ಸುಮಾರು ಜನ ಮೊದಲು ಕಟ್ಟಿಸಿಬಿಟ್ಟು ಆಮೇಲೆ ಆರ್‌ಟಿಓ ಹತ್ರ ಓಡ್ತಾರೆ, ಅದು ಉಲ್ಟಾ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಪ್ರಕಾರ ಆಲ್ಟರೇಶನ್‌ಗೆ ಮೊದಲೇ ಪರ್ಮಿಶನ್ ಬೇಕು, ಕೆಲಸ ಮುಗಿದ್ಮೇಲೆ ಇನ್ಸ್‌ಪೆಕ್ಷನ್ ಆಗಿ ಆರ್‌ಸಿಲಿ ಎಂಟ್ರಿ ಬೀಳ್ಬೇಕು, ಅದಾದ್ಮೇಲೆ ಇನ್ಶೂರೆನ್ಸ್‌ನವರಿಗೂ ತಿಳಿಸಿ ಪಾಲಿಸೀಲಿ ಬದಲಾಯಿಸಿಕೊಳ್ಳಿ, ಇಲ್ಲಾಂದ್ರೆ ಕ್ಲೈಮ್ ಟೈಮಲ್ಲಿ ತಕರಾರು ಗ್ಯಾರಂಟಿ.

ತೂಕದ ಲೆಕ್ಕ ಮರೀಬೇಡಿ. 2018ರಲ್ಲಿ ಎರಡು ಆಕ್ಸಲ್ ಗಾಡಿಯ ಒಟ್ಟು ತೂಕ 16.2 ಟನ್‌ನಿಂದ 18.5 ಟನ್‌ಗೆ ಏರಿಸಿದ್ರು, ಆದ್ರೆ ನಿಮ್ಮ ಆರ್‌ಸಿಲಿ ಏನಿದೆಯೋ ಅದೇ ಲೆಕ್ಕ. ಕಂಟೇನರ್ ಎಷ್ಟು ಭಾರ ಆಗುತ್ತೋ ಅಷ್ಟು ಲೋಡ್ ಕಡಿಮೆ ಆಗುತ್ತೆ, ಅದಕ್ಕೆ ಬಾಡಿ ಕಟ್ಟೋರ ಹತ್ರ ಮೊದಲೇ ತೂಕ ಬರೆಸ್ಕೊಳ್ಳಿ, ಡೆಲಿವರಿ ದಿನ ವೇಬ್ರಿಡ್ಜ್‌ಗೆ ಹತ್ತಿಸಿ ನೋಡಿ.

ತಮಿಳುನಾಡಿನ ನಾಮಕ್ಕಲ್, ತಿರುಚೆಂಗೋಡು ಕಡೆ ಬಾಡಿ ಕೆಲಸ ಹಳೇದು, ತುಂಬಾ ಶೆಡ್ ಇವೆ, ಎರಡ್ಮೂರು ಕಡೆ ವಿಚಾರಿಸಿ. ಕಂಟೇನರನ್ನ ಚಾಸಿಗೆ ನೇರ ವೆಲ್ಡ್ ಮಾಡೋಕೆ ಬಿಡ್ಬೇಡಿ, ನಡುವೆ ಸಬ್‌ಫ್ರೇಮ್ (ಇನ್ನೊಂದು ಫ್ರೇಮ್) ಇಟ್ಟು ಬೋಲ್ಟಲ್ಲಿ ಕೂರಿಸಬೇಕು. ಬಾಡಿ ಮುಗಿದು ಡೆಲಿವರಿ ತಗೊಳ್ಳೋವಾಗ ಮಟಮಟ ಮಧ್ಯಾಹ್ನ ಕಂಟೇನರ್ ಒಳಗೆ ಹೋಗಿ ಬಾಗಿಲು ಹಾಕಿಸ್ಕೊಳ್ಳಿ, ಕತ್ತಲಲ್ಲಿ ಸೂಜಿ ಮೊನೆಯಷ್ಟು ಬೆಳಕು ಕಂಡ್ರೂ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮಳೇಲಿ ನೀರು ಬರೋದು ಅಲ್ಲಿಂದಾನೇ, ನೆನೆದ ಪಾರ್ಸೆಲ್ ದುಡ್ಡು ನಿಮ್ಮ ತಲೆ ಮೇಲೆ.

ಕ್ಯಾಬಿನ್‌ಗೆ ಮಾತ್ರ ಜುಗ್ಗತನ ಬೇಡ. ಇಬ್ರು ಪಾಳಿ ಮೇಲೆ ಓಡಿಸೋ ಗಾಡೀಲಿ ಒಬ್ಬ ಮಲಗೋಕೆ ಕಾಲು ಚಾಚೋಷ್ಟು ಬರ್ತ್, ಗಾಳಿ, ಆಗುತ್ತೆ ಅಂದ್ರೆ ಎಸಿ ಕೂಡ ಹಾಕಿಸಿ. 2025 ಅಕ್ಟೋಬರ್ 1ರಿಂದ ತಯಾರಾಗೋ ಹೊಸ ಲಾರಿಗಳಿಗೆ ಸರ್ಕಾರವೇ ಎಸಿ ಕ್ಯಾಬಿನ್ ಕಡ್ಡಾಯ ಮಾಡಿದೆ, ಹಳೇ ಗಾಡಿ ಓಡಿಸೋರಿಗೂ ಸೆಕೆ ಒಂದೇ ತಾನೇ.

ಓಡಿಸೋಕೆ ಶುರುವಾದ್ಮೇಲೆ ಈ-ವೇ ಬಿಲ್ (ಸರಕು ಸಾಗಿಸೋಕೆ ಜಿಎಸ್‌ಟಿ ಆನ್‌ಲೈನ್ ಬಿಲ್) ಮೇಲೆ ಕಣ್ಣಿರಲಿ, ಅದರ ಅವಧಿ 200 ಕಿಮೀಗೆ ಒಂದು ದಿನ ಲೆಕ್ಕ. ಬ್ರೇಕ್‌ಡೌನ್ ಆಗಿ ತಡ ಆದ್ರೆ ಅವಧಿ ಮುಗಿಯೋಕೆ 8 ಗಂಟೆ ಮುಂಚಿನಿಂದ ಮುಗಿದು 8 ಗಂಟೆವರೆಗೆ ಎಕ್ಸ್‌ಟೆಂಡ್ ಮಾಡಬಹುದು, ಲೋಡ್ ಬೇರೆ ಗಾಡಿಗೆ ಹಾಕಿದ್ರೆ ಬಿಲ್‌ನ ಪಾರ್ಟ್-ಬಿ (ಗಾಡಿ ವಿವರದ ಭಾಗ)ದಲ್ಲಿ ಆ ಗಾಡಿ ನಂಬರ್ ಹಾಕ್ಸಿ ಆಮೇಲೆ ಹೊರಡ್ಸಿ.