ಬಾಗಿಲಲ್ಲಿ ನಿಂತವರ ಚರಿತ್ರೆಯನ್ನು ನಾನು ಬರೆದ ಬಗೆ

ಫಿಲಡೆಲ್ಫಿಯಾ ನಗರದ ಆಫ್ರಿಕನ್ ಅಮೆರಿಕನ್ ಕ್ರೈಸ್ತ ಸಭೆಯೊಂದರಲ್ಲಿ ನಾನು ಹನ್ನೊಂದು ವರ್ಷಗಳಿಂದ ಅಷರ್ ಆಗಿ ಸೇವೆ ಮಾಡುತ್ತಿದ್ದೇನೆ. ಆರಾಧನೆಗೆ ಬಂದವರನ್ನು ಬಾಗಿಲಲ್ಲಿ ಬರಮಾಡಿಕೊಂಡು ಬೆಂಚಿನವರೆಗೆ ಕರೆದೊಯ್ಯುವುದು, ಕಾಣಿಕೆಯ ತಟ್ಟೆಯನ್ನು ಸಾಲಿನಿಂದ ಸಾಲಿಗೆ ದಾಟಿಸುವುದು, ಪ್ರಾರ್ಥನೆಯ ಆವೇಶದಲ್ಲಿ ಕುಸಿಯುವವರಿಗೆ ಆಸರೆಯಾಗುವುದು ನಮ್ಮ ಕೆಲಸ. 1837ರಲ್ಲಿ ಬಾಸೆಲ್ ಮಿಷನ್ ಬಂದು ನೆಲೆಸಿದ ಧಾರವಾಡದಲ್ಲಿ ಬೆಳೆದ ನಾನು, ಕಾಣಿಕೆ ಚೀಲ ಹಿಡಿದು ಬರುವ ಸಭೆಯ ಹಿರಿಯರನ್ನು ಬಲ್ಲವಳಾಗಿದ್ದೆನೇ ಹೊರತು, ಬಿಳಿ ಸಮವಸ್ತ್ರ ಮತ್ತು ಬಿಳಿ ಕೈಗವಸು ತೊಟ್ಟು, ಕ್ರಮವಾಗಿ ತರಬೇತಿ ಪಡೆದು, ದೇಶವ್ಯಾಪಿಯಾಗಿ ಸಂಘಟಿತರಾದ ದ್ವಾರಪಾಲಕರನ್ನು ಕಂಡಿರಲಿಲ್ಲ. ನಮ್ಮ ಅಷರ್ ಮಂಡಳಿಯ ಸ್ಮರಣ ಸಂಚಿಕೆಗೆ ರಾಷ್ಟ್ರೀಯ ಸಂಘದ ಚರಿತ್ರೆಯನ್ನು ಬರೆಯುವ ಹೊಣೆ ನನಗೆ ಬಂದಾಗ ಸಂತೋಷದಿಂದಲೇ ಒಪ್ಪಿಕೊಂಡೆ.

ಮೊದಲ ಕರಡು ಬರಿಯ ಇಸವಿಗಳ ಸಾಲಾಯಿತು. ನ್ಯಾಷನಲ್ ಯುನೈಟೆಡ್ ಚರ್ಚ್ ಅಷರ್ಸ್ ಅಸೋಸಿಯೇಷನ್ ಆಫ್ ಅಮೆರಿಕ 1919ರಲ್ಲಿ ನಮ್ಮ ಈ ನಗರದಲ್ಲಿಯೇ ಹುಟ್ಟಿತು, ಅದು ಯಾವುದೇ ಒಂದು ಪಂಗಡಕ್ಕೆ ಸೇರದೆ ಹಲವು ಪಂಗಡಗಳ ಅಷರ್‌ಗಳನ್ನು ಒಂದುಗೂಡಿಸಿತು, ವಾರ್ಷಿಕ ಸಮಾವೇಶ ನಡೆಸಿತು, ಅಷರ್ ಸೇವೆಗೆಂದೇ ಶಾಲೆಯನ್ನು ಕಟ್ಟಿತು ಎಂದು ಬರೆದಿದ್ದೆ. ಮಂಡಳಿಯ ಹಿರಿಯ ತಾಯಿಯೊಬ್ಬರು ಅದನ್ನು ಓದಿ, ‘ಮಗಳೇ, ಇದರಲ್ಲಿ ಬಾಗಿಲೇ ಇಲ್ಲವಲ್ಲ’ ಎಂದು ಹಿಂದಿರುಗಿಸಿದರು. ಆ ಮಾತು ಸರಿಯಾಗಿತ್ತು.

ಆಮೇಲೆ ನಾನು ಬಾಗಿಲಿನಿಂದಲೇ ಆರಂಭಿಸಿದೆ. ಇದೇ ನಗರದ ಸೇಂಟ್ ಜಾರ್ಜ್ ಮೆಥೋಡಿಸ್ಟ್ ಚರ್ಚಿನಲ್ಲಿ, 18ನೇ ಶತಮಾನದ ಕೊನೆಯಲ್ಲಿ, ಕಪ್ಪು ಜನಾಂಗದ ಭಕ್ತರು ಆರಾಧನೆಗೆ ಬಂದಾಗ ಬಾಗಿಲಲ್ಲಿ ನಿಂತಿದ್ದ ಚರ್ಚಿನ ಸೇವಕನು ಅವರನ್ನು ಮೇಲಿನ ಗ್ಯಾಲರಿಗೆ ಹೋಗಲು ಹೇಳಿದನೆಂದು ಆ ಭಕ್ತರಲ್ಲೊಬ್ಬರಾದ ರಿಚರ್ಡ್ ಆಲೆನ್ ತಮ್ಮ ಆತ್ಮಕಥನದಲ್ಲಿ ದಾಖಲಿಸಿದ್ದಾರೆ. ಅಲ್ಲಿಯೂ ಸರಿಯಾದ ಜಾಗದಲ್ಲಿ ಕುಳಿತಿಲ್ಲವೆಂದು, ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಅಬ್ಸಲೋಮ್ ಜೋನ್ಸ್ ಅವರನ್ನು ಹಿಡಿದೆಬ್ಬಿಸಲಾಯಿತು. ಪ್ರಾರ್ಥನೆ ಮುಗಿಯುವವರೆಗಾದರೂ ತಾಳಿರೆಂದು ಅವರು ಕೇಳಿಕೊಂಡದ್ದೂ ನಡೆಯಲಿಲ್ಲ. ಎಲ್ಲರೂ ಒಟ್ಟಾಗಿ ಹೊರನಡೆದರು, ಮತ್ತು 1794ರಲ್ಲಿ ಆಲೆನ್ ಅವರ ಬೆತೆಲ್ ಚರ್ಚು ಪ್ರತಿಷ್ಠಾಪನೆಯಾಯಿತು. ಹೊರನಡೆದ ಆ ಘಟನೆಗೆ ಆಲೆನ್ 1787ನೇ ಇಸವಿಯನ್ನು ಕೊಡುತ್ತಾರೆ. ಗ್ಯಾಲರಿ ಕಟ್ಟಿದ ಲೆಕ್ಕವನ್ನು ನೋಡಿದ ಇತಿಹಾಸಕಾರರು 1792ರ ಸುಮಾರಿಗೆ ತರುತ್ತಾರೆ. ಹಿರಿಯ ಅಷರ್‌ಗಳ ಮಾತನ್ನು ಧ್ವನಿಮುದ್ರಿಸುವಾಗ ನಾನೂ ಇದನ್ನೇ ಕಂಡೆ: ಅವರು ಹೇಳಿದ ಇಸವಿಯನ್ನು ನಡಾವಳಿ ಪುಸ್ತಕದೊಂದಿಗೆ ತಾಳೆ ನೋಡಲೇಬೇಕಾಯಿತು, ಆದರೆ ಯಾರು ಎಲ್ಲಿ ನಿಂತಿದ್ದರು, ಯಾರನ್ನು ಎಲ್ಲಿ ಕೂರಿಸಿದರು ಎಂಬುದರಲ್ಲಿ ಅವರ ನೆನಪು ತಪ್ಪಿದ್ದೇ ಇಲ್ಲ.

ಹೀಗೆ ನೋಡಿದಾಗ 1919ಕ್ಕೂ ಅರ್ಥ ಬಂತು. ದಕ್ಷಿಣದ ರಾಜ್ಯಗಳ ದೌರ್ಜನ್ಯ ಮತ್ತು ಬಡತನದಿಂದ ಪಾರಾಗಿ, ಕಾರ್ಖಾನೆಗಳ ಕೆಲಸ ಅರಸಿ ಬಂದವರಿಂದಾಗಿ ಫಿಲಡೆಲ್ಫಿಯಾದ ಕಪ್ಪು ಜನರ ಸಂಖ್ಯೆ 1910ರಲ್ಲಿ ಸುಮಾರು 84,000 ಇದ್ದುದು 1920ರ ವೇಳೆಗೆ 1,34,000 ದಾಟಿತ್ತು. ಹಳ್ಳಿಯ ಪುಟ್ಟ ದೇವಾಲಯದಿಂದ ಬಂದು, ಕಿಕ್ಕಿರಿದ ನಗರದ ಚರ್ಚಿನ ಹೊಸ್ತಿಲಲ್ಲಿ ಅಳುಕುತ್ತ ನಿಂತವರಿಗೆ ಮೊದಲು ಎದುರಾಗುತ್ತಿದ್ದ ಮುಖ ಅಷರ್‌ನದು. ದುಷ್ಟರ ಗುಡಾರದಲ್ಲಿ ವಾಸಿಸುವುದಕ್ಕಿಂತ ದೇವರ ಆಲಯದ ದ್ವಾರಪಾಲಕನಾಗಿರುವುದೇ ಲೇಸೆನ್ನುವ 84ನೇ ಕೀರ್ತನೆಯ ಮಾತನ್ನು ಅಷರ್‌ಗಳು ತಮ್ಮದಾಗಿಸಿಕೊಂಡಿರುವುದು ಸಹಜವೇ ಆಗಿದೆ. ವಾರವಿಡೀ ಅಡುಗೆಯವಳೆಂದೋ ಕೂಲಿಯವನೆಂದೋ ಕರೆಸಿಕೊಂಡವರಿಗೆ ಭಾನುವಾರ ಆ ಬಾಗಿಲು ಒಂದು ಪದವಿಯಾಗಿತ್ತು.

ಬಾಗಿಲಿನ ಇನ್ನೊಂದು ಮುಖವನ್ನೂ ಬಿಡಲು ನನಗೆ ಮನಸ್ಸಾಗಲಿಲ್ಲ. 1963ರ ಜೂನ್‌ನಲ್ಲಿ ಮಿಸಿಸಿಪ್ಪಿಯ ಜಾಕ್ಸನ್ ನಗರದ ಗ್ಯಾಲೋವೇ ಮೆಥೋಡಿಸ್ಟ್ ಚರ್ಚಿನ ಬಿಳಿಯ ಅಷರ್‌ಗಳು ಕಪ್ಪು ಜನರನ್ನು ಹೊಸ್ತಿಲಿಂದಲೇ ಹಿಂದೆ ಕಳುಹಿಸಿದಾಗ, ಅಲ್ಲಿನ ಸಭಾಪಾಲಕರಾದ ಡಬ್ಲ್ಯು. ಬಿ. ಸೆಲಾ ರಾಜೀನಾಮೆ ಕೊಟ್ಟರು. ಅದೇ ವರ್ಷದ ಸೆಪ್ಟೆಂಬರ್ 15ರ ಭಾನುವಾರ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮಿನ 16ನೇ ಬೀದಿಯ ಕಪ್ಪು ಜನರ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಬಿಳಿಯ ಜನಾಂಗದ್ವೇಷಿಗಳಿಟ್ಟ ಬಾಂಬು ಸಿಡಿದು ನಾಲ್ವರು ಹುಡುಗಿಯರು ಸತ್ತರು. ಅದು ಯುವಜನರ ಭಾನುವಾರ, ಅವರಲ್ಲಿ ಕೆಲವರು ಅಂದಿನ ಅಷರ್ ಸೇವೆಗೆ ಸಿದ್ಧರಾಗುತ್ತಿದ್ದರು. ಈ ಪುಟವನ್ನು ಬರೆಯಲು ನನಗೆ ಎರಡು ವಾರ ಹಿಡಿಯಿತು.

ಕೊನೆಗೆ ಉಳಿದದ್ದು ಕೈಸನ್ನೆಗಳ ಅಧ್ಯಾಯ. ಆರಾಧನೆಯ ನಡುವೆ ಅಷರ್‌ಗಳು ಮಾತನಾಡುವುದಿಲ್ಲ. ಎಷ್ಟು ಜಾಗ ಖಾಲಿಯಿದೆ ಎಂಬುದನ್ನು ಬೆರಳುಗಳಿಂದ ತಿಳಿಸುತ್ತೇವೆ. ನಮ್ಮ ಸಭೆಯಲ್ಲಿ ಸೇವೆಗೆ ನಿಂತವರ ಎಡಗೈ ಬೆನ್ನ ಹಿಂದೆ ಸೊಂಟದ ಬಳಿ ಇರಬೇಕು, ಬಲಗೈ ಬಂದವರಿಗಾಗಿ ಬಿಡುವಾಗಿರಬೇಕು. ಇದನ್ನು ಬರಹದಲ್ಲಿ ಹಿಡಿಯಲಾರದೆ ಚಿತ್ರ ಬರೆಸಿದೆ. ಅಚ್ಚಿಗೆ ಹೋಗುವ ಹಿಂದಿನ ದಿನ ಅದೇ ಹಿರಿಯ ತಾಯಿ ಕನ್ನಡಕ ಸರಿಪಡಿಸಿಕೊಂಡು ಚಿತ್ರವನ್ನು ನೋಡಿ, ಬಲಗೈ ಬೆನ್ನ ಹಿಂದಿರುವುದನ್ನು ಕಂಡುಹಿಡಿದರು. ಆ ರಾತ್ರಿಯೇ ಚಿತ್ರವನ್ನು ಮತ್ತೆ ಬರೆಸಿದೆವು; ಈ ಬಾರಿ ಕನ್ನಡಿಯ ಮುಂದೆ ಅವರೇ ಸೇವೆಯ ಭಂಗಿಯಲ್ಲಿ ನಿಂತು ತೋರಿಸಿದರು.